ಎರಡನೆಯ ರಕ್ತಸ್ರಾವಕ್ಕೆ ಮುನ್ನ

ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳು ನಾಲ್ಕು. ಎರಡು ಕತ್ತಿನ ಮುಂಭಾಗದಲ್ಲಿ ಮೇಲೇರುತ್ತವೆ. ಇನ್ನೆರಡು ಹಿಂಬದಿಯಲ್ಲಿ, ಕತ್ತಿನ ಮೂಳೆಗಳಲ್ಲಿರುವ ರಂಧ್ರಗಳ ಮೂಲಕ ಹಾದು ಬರುತ್ತವೆ. ತಲೆಬುರುಡೆಯ ಒಳಗೆ, ಮೆದುಳಿನ ತಳದಲ್ಲಿ, ಈ ನಾಲ್ಕೂ ಕೂಡಿಕೊಂಡು ಒಂದು ಉಂಗುರವಾಗುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ. ಇಂದಿಗೂ ಅದಕ್ಕೆ ಅವನದೇ ಹೆಸರು. ಮೆದುಳಿನ ಬೇರೆ ಬೇರೆ ಭಾಗಗಳಿಗೆ ಹೋಗುವ ಮುಖ್ಯ ಕವಲುಗಳು ಹೊರಡುವುದು ಈ ಉಂಗುರದಿಂದಲೇ.

ನಾಳ ಎಲ್ಲಿ ಕವಲೊಡೆಯುತ್ತದೆಯೋ ಅಲ್ಲಿ ರಕ್ತದ ಹರಿವು ನಾಳದ ಗೋಡೆಗೆ ನೇರವಾಗಿ ಬಡಿಯುತ್ತದೆ. ಹೃದಯದ ಒಂದೊಂದು ಮಿಡಿತಕ್ಕೂ ಒಂದೊಂದು ಬಡಿತ. ದೇಹದ ಬೇರೆಡೆಯ ಅಪಧಮನಿಗಳಿಗೆ ಹೋಲಿಸಿದರೆ ಮೆದುಳಿನ ಅಪಧಮನಿಗಳ ಗೋಡೆ ತೆಳು. ಹೊರಗಿನಿಂದ ಅದಕ್ಕೆ ಆಸರೆಯಾಗಿ ಒತ್ತಿ ಹಿಡಿಯುವ ಮಾಂಸವೂ ಇಲ್ಲ. ಸುತ್ತ ಇರುವುದು ನೀರಿನಂಥ ದ್ರವ ಮಾತ್ರ. ಕೆಲವರಲ್ಲಿ ವರ್ಷಗಳು ಕಳೆದಂತೆ ಕವಲಿನ ಮೂಲೆಯಲ್ಲಿ ಗೋಡೆ ಸವೆದು, ಹೊರಕ್ಕೆ ಉಬ್ಬುತ್ತದೆ. ಸೈಕಲ್ಲಿನ ಟೈರು ಸವೆದ ಕಡೆ ಟ್ಯೂಬು ಹೊರಗೆ ಉಬ್ಬುವ ಹಾಗೆ. ಈ ಉಬ್ಬನ್ನೇ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ.

ಹೀಗೆ ಉಬ್ಬು ಇರುವವರು ಅಪರೂಪವಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯ ಮೆದುಳಿನಲ್ಲಿ ಇಂಥ ಒಂದು ಉಬ್ಬು ಇರುತ್ತದೆ. ಬಹುಪಾಲು ಉಬ್ಬುಗಳ ಅಗಲ 10 ಮಿಲಿಮೀಟರಿಗಿಂತ ಕಡಿಮೆ. ಹೆಚ್ಚಿನವು ಜೀವಮಾನವಿಡೀ ಒಡೆಯುವುದಿಲ್ಲ. ಅವು ಇವೆ ಎಂಬುದೇ ಗೊತ್ತಾಗದೆ ಜನ ಬಾಳಿ ಹೋಗುತ್ತಾರೆ. ಆದರೆ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 6ರಿಂದ 8 ಮಂದಿಗೆ ಉಬ್ಬು ಒಡೆಯುತ್ತದೆ. ಒಡೆದರೆ ಅದು ಮನುಷ್ಯನಿಗೆ ಬರಬಹುದಾದ ಅತಿ ಅಪಾಯದ ತುರ್ತುಸ್ಥಿತಿಗಳಲ್ಲಿ ಒಂದು.

ಯಾರಿಗೆ ಅಪಾಯ ಹೆಚ್ಚು? ಬೀಡಿ, ಸಿಗರೇಟು ಸೇದುವವರಿಗೆ. ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರಿಗೆ. ಅತಿಯಾಗಿ ಮದ್ಯ ಕುಡಿಯುವವರಿಗೆ. ಹೆತ್ತವರಲ್ಲೋ ಒಡಹುಟ್ಟಿದವರಲ್ಲೋ ಇದೇ ಕಾಯಿಲೆ ಆಗಿದ್ದವರಿಗೆ. ವಂಶವಾಹಿಯಿಂದ ಬರುವ ಮೂತ್ರಪಿಂಡದ ನೀರುಗುಳ್ಳೆ ಕಾಯಿಲೆ ಇರುವವರಿಗೆ. ಐವತ್ತು ದಾಟಿದ ಮೇಲೆ ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಇದೂ ಪಾರ್ಶ್ವವಾಯುವಿನ ಒಂದು ಬಗೆಯೇ. ಅದರ ಉಳಿದ ಬಗೆಗಳು ಸಾಮಾನ್ಯವಾಗಿ ಮುಪ್ಪಿನಲ್ಲಿ ಬರುತ್ತವೆ. ಇದು ಐವತ್ತರ ಆಸುಪಾಸಿನಲ್ಲೇ, ಮನೆಯ ಭಾರ ಹೊತ್ತು ದುಡಿಯುವ ವಯಸ್ಸಿನಲ್ಲೇ ಬಂದೆರಗುತ್ತದೆ.

ಉಬ್ಬು ಒಡೆದ ಗಳಿಗೆಯಲ್ಲಿ ತಲೆಯೊಳಗೆ ಏನಾಗುತ್ತದೆ ಎಂಬುದನ್ನು ಈಗ ನೋಡೋಣ. ಮೆದುಳನ್ನು ಮೂರು ಪೊರೆಗಳು ಆವರಿಸಿವೆ. ನಡುವಿನ ಪೊರೆಗೂ ಒಳಗಿನ ಪೊರೆಗೂ ಮಧ್ಯೆ ಒಂದು ಕಿರಿದಾದ ಜಾಗವಿದೆ. ಅದರಲ್ಲಿ ತಿಳಿಯಾದ ದ್ರವ ತುಂಬಿದೆ. ದೊಡ್ಡ ಅಪಧಮನಿಗಳು ಹಾದುಹೋಗುವುದು ಈ ಜಾಗದಲ್ಲೇ. ಉಬ್ಬು ಒಡೆದಾಗ ರಕ್ತ ಹೃದಯದ ಪೂರ್ತಿ ಒತ್ತಡದಿಂದ ಅಲ್ಲಿಗೆ ಚಿಮ್ಮುತ್ತದೆ. ತಲೆಬುರುಡೆ ಗಟ್ಟಿ ಮೂಳೆ, ಅದು ಹಿಗ್ಗುವುದಿಲ್ಲ. ಆದ್ದರಿಂದ ಒಳಗಿನ ಒತ್ತಡ ಕ್ಷಣಮಾತ್ರದಲ್ಲಿ ವಿಪರೀತ ಏರುತ್ತದೆ. ಮೆದುಳಿಗೆ ಹೋಗುವ ರಕ್ತವೇ ಕೆಲಕ್ಷಣ ನಿಂತುಹೋಗಬಹುದು. ಕೆಲವರು ಕುಸಿದು ಪ್ರಜ್ಞೆ ತಪ್ಪುವುದು ಇದಕ್ಕೇ.

ಆದರೆ ಏರಿದ ಆ ಒತ್ತಡವೇ ಸೋರಿಕೆಯನ್ನು ತಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸ್ರಾವ ನಿಲ್ಲುತ್ತದೆ. ರೋಗಿ ಬದುಕಿ ಆಸ್ಪತ್ರೆ ತಲುಪಿದ್ದರೆ, ಆ ಜೀವ ಉಳಿದಿರುವುದು ಕೆಲವೇ ಮಿಲಿಮೀಟರ್ ದಪ್ಪದ ಒಂದು ಹೆಪ್ಪಿನ ಆಸರೆಯಲ್ಲಿ. ಆ ಹೆಪ್ಪು ಶಾಶ್ವತವಲ್ಲ. ದೇಹವೇ ಅದನ್ನು ಕರಗಿಸಲು ತೊಡಗುತ್ತದೆ. ರಕ್ತದೊತ್ತಡ ಏರಿದರೂ ಅದು ಕಳಚಬಹುದು. ಕಳಚಿದರೆ ಎರಡನೆಯ ರಕ್ತಸ್ರಾವ.

ಈ ಭಾಷಣದ ತಿರುಳು ಈ ಎರಡನೆಯ ರಕ್ತಸ್ರಾವ. ಅದರ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚು. ಅದರಲ್ಲೂ ಮೊದಲ ಕೆಲವು ಗಂಟೆಗಳು ಅತ್ಯಂತ ಕಠಿಣ. ಉಬ್ಬನ್ನು ಮುಚ್ಚದೆ ಹಾಗೇ ಬಿಟ್ಟರೆ, ಎರಡು ವಾರದೊಳಗೆ ಐವರಲ್ಲಿ ಒಬ್ಬರಿಗೆ ಮತ್ತೆ ಸ್ರಾವವಾಗುತ್ತದೆ. ಹಾಗೆ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಮೊದಲನೆಯ ಸ್ರಾವವನ್ನು ತಡೆಯುವುದು ವೈದ್ಯರ ಕೈಯಲ್ಲಿಲ್ಲ, ಅದು ಆಗಿಹೋಗಿರುತ್ತದೆ. ಎರಡನೆಯದನ್ನು ತಡೆಯಬಹುದು. ಗುರುತಿಸುವುದು, ಪರೀಕ್ಷಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು, ಇವೆಲ್ಲ ಏರ್ಪಟ್ಟಿರುವುದು ಅದಕ್ಕಾಗಿ.

ಗುರುತಿಸುವ ಮೊದಲ ಕೆಲಸ ರೋಗಿಯ ಮನೆಯಲ್ಲೇ ಆಗಬೇಕು. ಇದರ ಮುಖ್ಯ ಲಕ್ಷಣ ತಲೆನೋವು. ಆದರೆ ದಿನನಿತ್ಯದ ತಲೆನೋವಲ್ಲ. ಸಾಮಾನ್ಯ ತಲೆನೋವು ಮೆಲ್ಲಗೆ ಶುರುವಾಗಿ ಏರುತ್ತದೆ. ಇದು ಸಿಡಿಲೆರಗಿದಂತೆ ಬರುತ್ತದೆ. ಒಂದು ನಿಮಿಷದೊಳಗೆ ನೋವು ತುತ್ತತುದಿ ಮುಟ್ಟಿರುತ್ತದೆ. ಏನು ಮಾಡುತ್ತಿದ್ದಾಗ ನೋವು ಬಂತು ಎಂಬುದನ್ನು ರೋಗಿ ಖಚಿತವಾಗಿ ಹೇಳಬಲ್ಲ. ನೀರು ಸೇದುತ್ತಿದ್ದೆ, ಶೌಚಕ್ಕೆ ಕೂತಿದ್ದೆ, ಮಾತಾಡುತ್ತ ನಿಂತಿದ್ದೆ ಎನ್ನುತ್ತಾನೆ. ಜನ್ಮದಲ್ಲಿ ಇಂಥ ತಲೆನೋವು ಕಂಡಿಲ್ಲ ಎಂದೂ ಹೇಳುತ್ತಾನೆ.

ಜೊತೆಗೆ ಬೇರೆ ಲಕ್ಷಣಗಳೂ ಇರಬಹುದು. ವಾಂತಿ ಆಗುತ್ತದೆ. ಬೆಳಕು ನೋಡಲಾಗುವುದಿಲ್ಲ. ಕೆಲವು ಗಂಟೆಗಳಲ್ಲಿ ಕತ್ತು ಬಿಗಿಯುತ್ತದೆ, ಗದ್ದವನ್ನು ಎದೆಗೆ ತಾಗಿಸಲಾಗುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಕೆಲವರು ಎಚ್ಚರ ತಪ್ಪಿ ಬೀಳುತ್ತಾರೆ. ಕೆಲವರಲ್ಲಿ ಒಂದೇ ಕಣ್ಣಿನ ರೆಪ್ಪೆ ಜೋತುಬಿದ್ದು, ಆ ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಉಬ್ಬು ಕಣ್ಣು ಹೊರಳಿಸುವ ನರವನ್ನು ಒತ್ತುತ್ತಿದೆ ಎಂಬುದರ ಸೂಚನೆ ಅದು. ಇನ್ನು ಕೆಲವರಿಗೆ ದೊಡ್ಡ ಸ್ರಾವಕ್ಕೆ ಕೆಲವು ದಿನ ಮೊದಲೇ ಹಠಾತ್ ತಲೆನೋವೊಂದು ಬಂದು ಹೋಗಿರುತ್ತದೆ. ಉಬ್ಬು ತುಸು ಸೋರಿ ಕೊಟ್ಟ ಎಚ್ಚರಿಕೆ ಅದಾಗಿರಬಹುದು.

ಕೇಳುಗರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಎಲ್ಲ ರೋಗಿಗಳೂ ಪ್ರಜ್ಞೆ ತಪ್ಪುವುದಿಲ್ಲ. ಎಷ್ಟೋ ಮಂದಿ ನಡೆದುಕೊಂಡೇ ವೈದ್ಯರ ಬಳಿ ಬರುತ್ತಾರೆ. ಇದನ್ನು ಅರೆತಲೆನೋವು ಎಂದೋ, ಪಿತ್ತ ಎಂದೋ, ಬಿ.ಪಿ. ಏರಿದ್ದು ಎಂದೋ, ಕತ್ತು ಹಿಡಿದದ್ದು ಎಂದೋ ತಿಳಿದು ಮಾತ್ರೆ ಕೊಟ್ಟು ಕಳಿಸುವುದುಂಟು. ಕೆಲವೊಮ್ಮೆ ಇ.ಸಿ.ಜಿ.ಯಲ್ಲೂ ಏರುಪೇರು ಕಂಡು, ಹೃದಯಾಘಾತವೆಂಬ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ. ಹೃದಯಾಘಾತವೆಂದು ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಚೆನ್ನಾಗಿ ಮಾತಾಡುತ್ತಿರುವ ರೋಗಿಯೇ ಚಿಕಿತ್ಸೆಯಿಂದ ಅತಿ ಹೆಚ್ಚು ಲಾಭ ಪಡೆಯಬಲ್ಲವನು. ಅವನನ್ನು ಮನೆಗೆ ಕಳಿಸಿದರೆ, ಎರಡನೆಯ ಸ್ರಾವಕ್ಕೆ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ.

ಇದುವರೆಗೆ ಹೇಳಿದ್ದರ ಸಾರ ಇಷ್ಟು. ಉಬ್ಬು ಒಡೆಯುತ್ತದೆ, ಹೆಪ್ಪು ಅದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಹಠಾತ್ ತಲೆನೋವು ಅದನ್ನು ಸಾರುತ್ತದೆ. ಇನ್ನು ಪರೀಕ್ಷೆಯ ವಿಚಾರ. ಆಸ್ಪತ್ರೆಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಮೆದುಳಿನ ಸುತ್ತ ರಕ್ತ ಇದೆಯೇ? ಇದ್ದರೆ, ಅದು ಬಂದದ್ದು ಎಲ್ಲಿಂದ?

ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಸಿ.ಟಿ. ಸ್ಕ್ಯಾನ್. ಈ ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಅದು ಚಿತ್ರಿಸಿತು. 1979ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಸಿ.ಟಿ. ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಮೆದುಳು ಬೂದು ಬಣ್ಣ. ಮೆದುಳಿನ ಸುತ್ತಲಿನ ದ್ರವ ಕಪ್ಪು. ಆ ದ್ರವಕ್ಕೆ ರಕ್ತ ಸೇರಿದರೆ ಕಪ್ಪಾಗಿರಬೇಕಾದ ಜಾಗ ಬೆಳ್ಳಗಾಗುತ್ತದೆ. ಮೆದುಳಿನ ತಳದಲ್ಲಿ ನಕ್ಷತ್ರದ ಆಕಾರದ ಬಿಳಿ ಗುರುತು ಮೂಡುತ್ತದೆ. ಚಿತ್ರ ತೆಗೆಯಲು ಕೆಲವೇ ನಿಮಿಷ ಸಾಕು.

ಇಲ್ಲೂ ಹೊತ್ತು ಬಹಳ ಮುಖ್ಯ. ತಲೆನೋವು ಶುರುವಾಗಿ 6 ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ತೆಗೆದ ಚಿತ್ರವನ್ನು ಅನುಭವಿಗಳು ಓದಿದರೆ, ಸ್ರಾವ ಕಣ್ತಪ್ಪುವುದು ತೀರಾ ವಿರಳ. ಮೊದಲ ದಿನ ನೂರರಲ್ಲಿ 90ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಾಣುತ್ತದೆ. ದಿನ ಕಳೆದಂತೆ ರಕ್ತ ಕರಗುತ್ತದೆ. ಒಂದು ವಾರವಾದರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಗುರುತು ಸಿಗುತ್ತದೆ. ತಡವಾಗಿ ಬಂದವರಲ್ಲಿ ಕಾಯಿಲೆ ಇದ್ದರೂ ಚಿತ್ರ ಇಲ್ಲವೆನ್ನಬಹುದು.

ಚಿತ್ರದಲ್ಲಿ ಏನೂ ಕಾಣದೆ, ರೋಗಿಯ ಮಾತು ಮಾತ್ರ ಸಂಶಯ ಹುಟ್ಟಿಸುವಂತಿದ್ದರೆ, ಬೆನ್ನಿನ ನೀರು ತೆಗೆದು ನೋಡುತ್ತಾರೆ. ಸೊಂಟದ ಹತ್ತಿರ, ಬೆನ್ನುಮೂಳೆಗಳ ನಡುವೆ ತೆಳುವಾದ ಸೂಜಿ ಹಾಕಿ ಕೆಲವು ಹನಿ ದ್ರವ ಹಿಡಿಯುತ್ತಾರೆ. ಅದು ತಿಳಿನೀರಿನಂತಿರಬೇಕು. ತಲೆಯಲ್ಲಿ ಸ್ರಾವವಾಗಿದ್ದರೆ ರಕ್ತ ಒಡೆದು ಹಳದಿ ಬಣ್ಣ ಬಿಡುತ್ತದೆ. ಆ ಬಣ್ಣ ಮೂಡಲು ಸುಮಾರು 12 ಗಂಟೆ ಹಿಡಿಯುತ್ತದೆ. ಸೂಜಿ ಚುಚ್ಚುವಾಗಲೇ ಬಂದ ರಕ್ತವಾದರೆ ಈ ಹಳದಿ ಇರುವುದಿಲ್ಲ. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆಂಬ ಭಯ ಜನರಲ್ಲಿದೆ. ಅದು ಹುಸಿ ಭಯ. ಸೂಜಿ ಹಾಕುವ ಮಟ್ಟಕ್ಕಿಂತ ಮೇಲೇ ಬೆನ್ನುಹುರಿ ಮುಗಿದಿರುತ್ತದೆ.

ರಕ್ತ ಇದೆ ಎಂದು ಖಚಿತವಾಯಿತು. ಎರಡನೆಯ ಪ್ರಶ್ನೆ: ಉಬ್ಬು ಎಲ್ಲಿದೆ? ಇದಕ್ಕೆ ರಕ್ತನಾಳಗಳ ಚಿತ್ರ, ಅಂದರೆ ಆಂಜಿಯೋಗ್ರಾಂ ಬೇಕು. ಜೀವಂತ ಮನುಷ್ಯನ ಮೆದುಳಿನ ನಾಳಗಳನ್ನು ಎಕ್ಸರೇಯಲ್ಲಿ ಮೊದಲು ತೋರಿಸಿದವರು ಪೋರ್ಚುಗಲ್ಲಿನ ಎಗಾಸ್ ಮೋನಿಜ್. ಅದು 1927ರಲ್ಲಿ, ಲಿಸ್ಬನ್ ನಗರದಲ್ಲಿ. ಕತ್ತಿನ ಅಪಧಮನಿಗೆ ಎಕ್ಸರೇ ಹಾಯಗೊಡದ ದ್ರಾವಣ ಚುಚ್ಚಿ ಅವರು ಚಿತ್ರ ತೆಗೆದರು. ಇಂದು ಸಾಮಾನ್ಯವಾಗಿ ಮೊದಲು ಮಾಡುವುದು ಸಿ.ಟಿ. ಆಂಜಿಯೋಗ್ರಾಂ. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಕೊಟ್ಟು, ಅದೇ ಸಿ.ಟಿ. ಯಂತ್ರದಲ್ಲಿ ಮೆದುಳಿನ ನಾಳಗಳನ್ನು ಚಿತ್ರಿಸುತ್ತಾರೆ.

ಇನ್ನೂ ಸ್ಪಷ್ಟ ಚಿತ್ರ ಬೇಕಾದಾಗ ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೆಳುವಾದ ಕೊಳವೆಯನ್ನು ಕತ್ತಿನವರೆಗೂ ಏರಿಸಿ ಔಷಧ ಬಿಡುತ್ತಾರೆ. ಔಷಧ ಬಿಡುವ ಮೊದಲಿನ ಚಿತ್ರವನ್ನು ಬಿಟ್ಟ ನಂತರದ ಚಿತ್ರದಿಂದ ಕಂಪ್ಯೂಟರ್ ಕಳೆಯುತ್ತದೆ. ಮೂಳೆಗಳೆಲ್ಲ ಮರೆಯಾಗಿ ನಾಳಗಳಷ್ಟೇ ಉಳಿಯುತ್ತವೆ. ಉಬ್ಬಿನ ಅಗಲ ಎಷ್ಟು, ಅದರ ಬುಡ ಎಷ್ಟು ಕಿರಿದು, ಅಕ್ಕಪಕ್ಕದಲ್ಲಿ ಯಾವ ಕವಲು ಹೊರಟಿದೆ ಎಂಬುದೆಲ್ಲ ತಿಳಿಯುತ್ತದೆ. ಕೆಲವರಲ್ಲಿ ಒಂದಕ್ಕಿಂತ ಹೆಚ್ಚು ಉಬ್ಬುಗಳಿರುತ್ತವೆ. ಆಗ ಒಡೆದದ್ದು ಯಾವುದೆಂದು ತೀರ್ಮಾನಿಸಬೇಕು. ರಕ್ತ ಹೆಚ್ಚು ಸೇರಿದ ಜಾಗ, ಉಬ್ಬಿನ ಗಾತ್ರ, ಅದರ ಅಂಕುಡೊಂಕು ಆಕಾರ, ಇವು ದಾರಿ ತೋರುತ್ತವೆ.

ಪರೀಕ್ಷೆಯ ಜೊತೆಜೊತೆಗೇ ರೋಗಿಯ ಸ್ಥಿತಿಯನ್ನು 5 ಮಟ್ಟಗಳಲ್ಲಿ ಅಳೆಯುತ್ತಾರೆ. 1968ರಲ್ಲಿ ಹಂಟ್ ಮತ್ತು ಹೆಸ್ ಎಂಬ ವೈದ್ಯರು ಪ್ರಕಟಿಸಿದ ಅಳತೆ ಈಗಲೂ ಬಳಕೆಯಲ್ಲಿದೆ. ಎಚ್ಚರವಾಗಿದ್ದು ಬರೀ ಹಗುರ ತಲೆನೋವಿದ್ದರೆ ಒಂದನೆಯ ಮಟ್ಟ. ಆಳವಾದ ಕೋಮಾ ಐದನೆಯ ಮಟ್ಟ. ಮಟ್ಟದ ಅಂಕಿ ಚಿಕ್ಕದಾದಷ್ಟೂ ಗುಣವಾಗುವ ಭರವಸೆ ಹೆಚ್ಚು. ಎರಡನೆಯ ಸ್ರಾವವಾದರೆ ಒಂದನೆಯ ಮಟ್ಟದ ರೋಗಿ ಒಂದೇ ಗಳಿಗೆಯಲ್ಲಿ ಐದನೆಯ ಮಟ್ಟಕ್ಕೆ ಜಾರಬಹುದು.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಯುವಾಗಲೇ ಹೆಪ್ಪನ್ನು ಕಾಪಾಡುವ ಕೆಲಸ ಶುರುವಾಗುತ್ತದೆ. ರೋಗಿಯನ್ನು ಸದ್ದುಗದ್ದಲವಿಲ್ಲದ ಕಡೆ ತಲೆ ಸ್ವಲ್ಪ ಎತ್ತರಿಸಿ ಮಲಗಿಸುತ್ತಾರೆ. ರಕ್ತದೊತ್ತಡದ ಮೇಲಿನ ಅಂಕಿಯನ್ನು ಸಾಮಾನ್ಯವಾಗಿ 160ರ ಕೆಳಗೆ ಹಿಡಿಯುತ್ತಾರೆ. ತೀರಾ ಇಳಿಸುವುದಿಲ್ಲ, ಮೆದುಳಿಗೆ ರಕ್ತ ಸಾಲದೆ ಹೋಗಬಾರದು. ನೋವು, ವಾಂತಿ, ಕೆಮ್ಮು, ಮುಕ್ಕರಿಸುವುದು, ಇವಕ್ಕೆಲ್ಲ ಔಷಧ ಕೊಡುತ್ತಾರೆ. ರಕ್ತ ಅಡ್ಡವಾಗಿ ಮೆದುಳಿನೊಳಗಿನ ದ್ರವ ಹರಿಯದೆ ತುಂಬಿಕೊಂಡರೆ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಮೃದುವಾದ ಕೊಳವೆಯಿಂದ ಅದನ್ನು ಹೊರಗೆ ಹರಿಸುತ್ತಾರೆ. ಮಂಕಾಗಿದ್ದ ರೋಗಿ ಇಷ್ಟರಿಂದಲೇ ಕಣ್ಣು ಬಿಟ್ಟು ಮಾತಾಡುವುದುಂಟು.

ಇಲ್ಲಿಗೆ ರಕ್ತ ಕಂಡಿತು, ಉಬ್ಬು ಸಿಕ್ಕಿತು, ಹೆಪ್ಪಿಗೆ ಕಾವಲು ಸಿಕ್ಕಿತು. ಈಗ ಉಬ್ಬನ್ನು ಮುಚ್ಚುವ ಬಗೆ. ಯಾವಾಗ ಮುಚ್ಚಬೇಕು? ಹಿಂದೆ ಮೆದುಳಿನ ಬಾವು ಇಳಿಯಲೆಂದು ಒಂದೆರಡು ವಾರ ಕಾಯುತ್ತಿದ್ದರು. ಹಾಗೆ ಕಾಯುವಾಗಲೇ ಅನೇಕರು ಎರಡನೆಯ ಸ್ರಾವದಿಂದ ತೀರಿಕೊಳ್ಳುತ್ತಿದ್ದರು. ಅರವಳಿಕೆ ಮತ್ತು ಸೂಕ್ಷ್ಮ ಶಸ್ತ್ರಕ್ರಿಯೆ ಸುಧಾರಿಸಿದ ಮೇಲೆ ಆ ಪದ್ಧತಿ ಬದಲಾಯಿತು. ಈಗ ಸಾಧ್ಯವಾದಷ್ಟು ಬೇಗ, ಆದಷ್ಟೂ 24 ಗಂಟೆಯೊಳಗೇ, ಮುಚ್ಚುವುದು ಗುರಿ.

ಮುಚ್ಚಲು ಎರಡು ದಾರಿಗಳಿವೆ. ಒಂದು ತಲೆಬುರುಡೆ ತೆರೆದು ಹೊರಗಿನಿಂದ ಕ್ಲಿಪ್ ಹಾಕುವುದು. ಇನ್ನೊಂದು ನಾಳದ ಒಳಗಿನಿಂದಲೇ ಹೋಗಿ ಉಬ್ಬನ್ನು ತಂತಿಸುರುಳಿಯಿಂದ ತುಂಬುವುದು. ಮೊದಲು ಕ್ಲಿಪ್ಪಿನ ದಾರಿ.

1931ರಲ್ಲಿ ಎಡಿನ್‌ಬರಾದ ಶಸ್ತ್ರವೈದ್ಯ ನಾರ್ಮನ್ ಡಾಟ್ ಒಡೆದ ಉಬ್ಬೊಂದನ್ನು ಯೋಜಿಸಿಕೊಂಡೇ ತೆರೆದು ನೋಡಿದರು. ರೋಗಿಯ ತೊಡೆಯಿಂದ ಸ್ನಾಯುವಿನ ತುಣುಕು ತೆಗೆದು, ಉಬ್ಬಿನ ಸುತ್ತ ಒತ್ತಿ ಸುತ್ತಿದರು. ರೋಗಿ ಚೇತರಿಸಿಕೊಂಡ. 1937ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಉಬ್ಬಿನ ಬುಡಕ್ಕೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ ಅದನ್ನು ಮುಚ್ಚಿದರು. ನಾಳದಲ್ಲಿ ರಕ್ತ ಎಂದಿನಂತೆ ಹರಿಯಿತು, ಉಬ್ಬಿಗೆ ಮಾತ್ರ ಹೋಗಲಿಲ್ಲ. ಇಂದಿನ ಶಸ್ತ್ರಕ್ರಿಯೆಯ ತತ್ವವೂ ಅದೇ. 1960ರ ದಶಕದ ಕೊನೆಯಿಂದ ಜ್ಯೂರಿಕ್ ನಗರದಲ್ಲಿ ಗಾಜಿ ಯಾಶರ್ಗಿಲ್ ಸೂಕ್ಷ್ಮದರ್ಶಕದ ಕೆಳಗೆ ಈ ಕೆಲಸ ಮಾಡುವ ಕ್ರಮವನ್ನು ರೂಢಿಗೆ ತಂದರು. ಬರಿಗಣ್ಣಿಗೆ ಕಾಣದ ಕವಲುಗಳನ್ನು ಉಳಿಸಿಕೊಂಡು ಉಬ್ಬನ್ನು ಮುಚ್ಚುವುದು ಆಗ ಸಾಧ್ಯವಾಯಿತು.

ಶಸ್ತ್ರಕ್ರಿಯೆ ಹೀಗೆ ನಡೆಯುತ್ತದೆ. ಪೂರ್ಣ ಅರವಳಿಕೆ ಕೊಟ್ಟು, ತಲೆ ಕದಲದಂತೆ ಮೂರು ಮೊನೆಗಳಿರುವ ಚೌಕಟ್ಟಿನಲ್ಲಿ ಹಿಡಿಸುತ್ತಾರೆ. ಕೂದಲ ಅಂಚಿನ ಹಿಂದೆ ಚರ್ಮ ಕೊಯ್ಯುತ್ತಾರೆ, ಆದ್ದರಿಂದ ಗಾಯದ ಗುರುತು ಮುಂದೆ ಕಾಣುವುದಿಲ್ಲ. ಹೆಚ್ಚಿನ ಉಬ್ಬುಗಳಿಗೆ ಕಣತಲೆಯ ಭಾಗದಲ್ಲಿ ಮೂಳೆಯ ಒಂದು ತುಂಡನ್ನು ಕತ್ತರಿಸಿ ತೆಗೆದಿಡುತ್ತಾರೆ. ಹೊರಪೊರೆಯನ್ನು ಬಿಡಿಸುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಸೂಕ್ಷ್ಮದರ್ಶಕದಲ್ಲಿ. ಮೆದುಳನ್ನು ಕತ್ತರಿಸಿಕೊಂಡು ಹೋಗುವುದಿಲ್ಲ. ಹಣೆಯ ಕಡೆಯ ಭಾಗಕ್ಕೂ ಕಿವಿಯ ಕಡೆಯ ಭಾಗಕ್ಕೂ ನಡುವೆ ಪ್ರಕೃತಿಯೇ ಮಾಡಿಟ್ಟ ಬಿರುಕೊಂದಿದೆ. ಅದನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಒಳಗಿನ ದ್ರವ ಹೊರಬಂದು ಮೆದುಳು ಸಡಿಲಾಗುತ್ತದೆ, ದಾರಿ ತೆರೆಯುತ್ತದೆ.

ನೇರವಾಗಿ ಉಬ್ಬಿನ ಹತ್ತಿರ ಹೋಗುವಂತಿಲ್ಲ. ಮೊದಲು ಅದಕ್ಕೆ ರಕ್ತ ತರುವ ಮೂಲನಾಳವನ್ನು ಹುಡುಕಿ, ಬೇಕೆಂದಾಗ ತಡೆಯುವಂತೆ ಹಿಡಿತಕ್ಕೆ ತಂದುಕೊಳ್ಳಬೇಕು. ಕೆಲಸದ ನಡುವೆ ಉಬ್ಬು ಮತ್ತೆ ಒಡೆದರೆ ಜೀವ ಉಳಿಸುವುದು ಈ ಮುನ್ನೆಚ್ಚರಿಕೆ. ಅಗತ್ಯವಿದ್ದರೆ ಮೂಲನಾಳಕ್ಕೆ ಕೆಲವು ನಿಮಿಷ ತಾತ್ಕಾಲಿಕ ಕ್ಲಿಪ್ ಹಾಕುತ್ತಾರೆ. ಉಬ್ಬು ಮೆತ್ತಗಾಗುತ್ತದೆ. ಆಗ ಅದರ ಬುಡವನ್ನು ಸುತ್ತಲಿನ ಕವಲುಗಳಿಂದ ಬಿಡಿಸಿ, ಶಾಶ್ವತ ಕ್ಲಿಪ್ ಹಾಕುತ್ತಾರೆ. ಈ ಕ್ಲಿಪ್ಪಿಗೆ ಎರಡು ಸಣ್ಣ ಅಲಗುಗಳು, ಅವನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗು. ಈಗ ಬಳಸುವ ಕ್ಲಿಪ್ಪುಗಳು ಹೆಚ್ಚಾಗಿ ಟೈಟಾನಿಯಂ ಲೋಹದವು. ಅವು ಜೀವಮಾನವಿಡೀ ಒಳಗೇ ಇರುತ್ತವೆ.

ಕ್ಲಿಪ್ ಹಾಕಿದ ಮೇಲೆ ಪರೀಕ್ಷೆ ಮುಗಿಯುವುದಿಲ್ಲ. ಉಬ್ಬು ಪೂರ್ತಿ ಮುಚ್ಚಿತೇ? ಪಕ್ಕದ ಕವಲೊಂದು ಕ್ಲಿಪ್ಪಿಗೆ ಸಿಕ್ಕಿಕೊಂಡಿಲ್ಲ ತಾನೇ? ರಕ್ತಕ್ಕೆ ಹಸಿರು ಬಣ್ಣದ ಔಷಧ ಬಿಟ್ಟು ವಿಶೇಷ ಬೆಳಕಿನಲ್ಲಿ ನೋಡಿದರೆ, ಹರಿವು ಇರುವ ನಾಳಗಳು ಹೊಳೆಯುತ್ತವೆ. ಉಬ್ಬು ಹೊಳೆಯಬಾರದು, ಕವಲುಗಳು ಹೊಳೆಯಬೇಕು. ಎಲ್ಲ ಸರಿಯಿದ್ದರೆ ಪೊರೆ ಹೊಲಿದು, ಮೂಳೆಯ ತುಂಡನ್ನು ಅದರ ಜಾಗದಲ್ಲೇ ಕೂರಿಸುತ್ತಾರೆ.

ಎರಡನೆಯ ದಾರಿ ನಾಳದ ಒಳಗಿನದು. 1970ರ ದಶಕದಲ್ಲಿ ಮಾಸ್ಕೋದ ಫ್ಯೋದೊರ್ ಸೆರ್ಬಿನೆಂಕೋ, ಕೊಳವೆಯ ತುದಿಯಿಂದ ಬೇರ್ಪಡಿಸಬಹುದಾದ ಪುಟ್ಟ ಬಲೂನುಗಳಿಂದ ಮೆದುಳಿನ ಉಬ್ಬುಗಳನ್ನು ಮುಚ್ಚಿ ತೋರಿಸಿದರು. 1990ರಲ್ಲಿ ಇಟಲಿಯ ಗುಯಿಡೊ ಗುಲಿಯೆಲ್ಮಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಇನ್ನೂ ಸುರಕ್ಷಿತವಾದ ಸಾಧನವನ್ನು ರೋಗಿಗಳಲ್ಲಿ ಬಳಸಿದರು. ಅದು ಪ್ಲಾಟಿನಂ ತಂತಿಯ ಸುರುಳಿ. ಆಸ್ಪತ್ರೆಗಳಲ್ಲಿ ಇದನ್ನು ಕಾಯಿಲ್ ಎನ್ನುತ್ತಾರೆ.

ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಕೊಳವೆ ಏರಿಸುತ್ತಾರೆ. ಅದರೊಳಗಿಂದ ಇನ್ನೂ ತೆಳುವಾದ ಕೊಳವೆಯನ್ನು ಉಬ್ಬಿನ ಒಳಕ್ಕೇ ಒಯ್ಯುತ್ತಾರೆ. ಅದರ ಮೂಲಕ ಮೃದುವಾದ ಸುರುಳಿಯನ್ನು ತಳ್ಳಿದರೆ, ಅದು ಉಬ್ಬಿನೊಳಗೆ ಸುತ್ತಿಕೊಳ್ಳುತ್ತದೆ. ಸರಿಯಾಗಿ ಕೂತಿಲ್ಲವೆಂದರೆ ಹಿಂದಕ್ಕೆ ಎಳೆದುಕೊಳ್ಳಬಹುದು. ಸರಿಯಾಗಿದ್ದರೆ ತುಸು ವಿದ್ಯುತ್ ಹಾಯಿಸಿ ಅದನ್ನು ಬೇರ್ಪಡಿಸುತ್ತಾರೆ. ಹೀಗೆ ಒಂದಾದ ಮೇಲೊಂದು ಸುರುಳಿ ತುಂಬುತ್ತಾರೆ. ಒಳಗೆ ರಕ್ತ ಹೆಪ್ಪುಗಟ್ಟಿ ಉಬ್ಬು ಮುಚ್ಚಿಹೋಗುತ್ತದೆ. ಉಬ್ಬಿನ ಬುಡ ಅಗಲವಾಗಿದ್ದರೆ ಸುರುಳಿ ಹೊರಗೆ ಜಾರದಂತೆ ಬಲೂನು ಹಿಡಿಯುತ್ತಾರೆ. ಬಲೂನಿನ ಬದಲು ನಾಳದಲ್ಲಿ ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕಿದರೆ ರಕ್ತ ತೆಳುವಾಗಿಸುವ ಔಷಧ ಕೊಡಲೇಬೇಕಾಗುತ್ತದೆ. ಆದ್ದರಿಂದ ಈಗಷ್ಟೇ ಒಡೆದ ಉಬ್ಬಿನಲ್ಲಿ ಅದನ್ನು ಬಹಳ ಯೋಚಿಸಿ ಬಳಸುತ್ತಾರೆ.

ಎರಡರಲ್ಲಿ ಯಾವುದು ಮೇಲು? 2,100ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಎರಡೂ ಚಿಕಿತ್ಸೆಗೆ ಒಗ್ಗುವಂಥ ಉಬ್ಬು ಇದ್ದವರನ್ನಷ್ಟೇ ಅದರಲ್ಲಿ ಸೇರಿಸಿಕೊಂಡಿದ್ದರು. ಒಂದು ವರ್ಷದ ನಂತರ, ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 31, ಸುರುಳಿಯ ಗುಂಪಿನಲ್ಲಿ ಸುಮಾರು 24. ಆದರೆ ಸುರುಳಿ ತುಂಬಿದ ಉಬ್ಬು ಮುಂದೆ ಮತ್ತೆ ತೆರೆದುಕೊಳ್ಳುವ ಸಂಭವ ಹೆಚ್ಚು. ಅದಕ್ಕಾಗಿ ಕೆಲವು ತಿಂಗಳ ನಂತರ, ಆಮೇಲೂ ಆಗಾಗ, ಆಂಜಿಯೋಗ್ರಾಂ ಮಾಡಿಸಬೇಕು. ಕ್ಲಿಪ್ ಸರಿಯಾಗಿ ಕೂತರೆ ಅದು ಹೆಚ್ಚು ಬಾಳಿಕೆಯದು.

ಆದ್ದರಿಂದ ತೀರ್ಮಾನ ಉಬ್ಬನ್ನೂ ರೋಗಿಯನ್ನೂ ನೋಡಿ ಆಗುತ್ತದೆ. ಮೆದುಳಿನ ಹಿಂಭಾಗದಲ್ಲಿ ಆಳದಲ್ಲಿರುವ ಉಬ್ಬಿಗೆ, ವಯಸ್ಸಾದವರಿಗೆ, ಸ್ಥಿತಿ ಗಂಭೀರವಾಗಿರುವವರಿಗೆ ಸಾಮಾನ್ಯವಾಗಿ ಸುರುಳಿ ಒಳ್ಳೆಯದು. ಮೆದುಳಿನ ಪಕ್ಕಗಳಿಗೆ ಹೋಗುವ ಕವಲುಗಳಲ್ಲಿರುವ ಅಗಲ ಬುಡದ ಉಬ್ಬಿಗೆ, ಜೊತೆಗೆ ಮೆದುಳಿನೊಳಗೆ ದೊಡ್ಡ ಹೆಪ್ಪು ಕೂತಿದ್ದು ಅದನ್ನೂ ತೆಗೆಯಬೇಕಾದಾಗ, ಕ್ಲಿಪ್ ಒಳ್ಳೆಯದು. ಎರಡೂ ಕೆಲಸ ಬಲ್ಲವರು ಒಟ್ಟಿಗೆ ಕೂತು ನಿರ್ಧರಿಸುವ ಆಸ್ಪತ್ರೆಯೇ ರೋಗಿಗೆ ಕ್ಷೇಮ.

ಉಬ್ಬು ಮುಚ್ಚಿದ ಮೇಲೆ ಎರಡನೆಯ ಸ್ರಾವದ ಭಯ ಬಹುಮಟ್ಟಿಗೆ ಕಳೆಯುತ್ತದೆ. ಆದರೆ ಚಿಕಿತ್ಸೆ ಮುಗಿಯುವುದಿಲ್ಲ. ಮೊದಲೇ ಚೆಲ್ಲಿದ ರಕ್ತ ಮೆದುಳಿನ ಸುತ್ತ ಇದ್ದೇ ಇರುತ್ತದೆ. ಅದು ಕರಗುವಾಗ ಹೊರಬರುವ ವಸ್ತುಗಳು ಅಪಧಮನಿಗಳನ್ನು ಸಂಕುಚಿಸುತ್ತವೆ. ಸಾಮಾನ್ಯವಾಗಿ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಈ ಅಪಾಯ. ಚೇತರಿಸಿಕೊಳ್ಳುತ್ತಿದ್ದ ರೋಗಿಗೆ ಒಂದು ಕೈ ಸೋಲಬಹುದು, ಮಾತು ತೊದಲಬಹುದು, ಮಂಪರು ಕವಿಯಬಹುದು. ಶಸ್ತ್ರಕ್ರಿಯೆ ಕೆಟ್ಟಿತೆಂದು ಮನೆಯವರು ಗಾಬರಿಯಾಗುವುದು ಈ ದಿನಗಳಲ್ಲೇ. ಇದು ಕಾಯಿಲೆಯ ಇನ್ನೊಂದು ಹಂತ.

ಇದನ್ನು ಎದುರಿಸಲು ನಿಮೋಡಿಪಿನ್ ಎಂಬ ಮಾತ್ರೆಯನ್ನು 4 ಗಂಟೆಗೊಮ್ಮೆ, ಹಗಲೂ ರಾತ್ರಿಯೂ, 21 ದಿನ ಕೊಡುತ್ತಾರೆ. ಬ್ರಿಟನ್ನಿನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರಕ್ತವಿಲ್ಲದೆ ಮೆದುಳು ಸಾಯುವ ಪ್ರಮಾಣವನ್ನು ಇದು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತು. ದೇಹದ ನೀರನ್ನೂ ಉಪ್ಪಿನ ಅಂಶವನ್ನೂ ದಿನವೂ ಅಳೆದು ಸರಿದೂಗಿಸುತ್ತಾರೆ. ನಾಳ ಬಿಗಿದಾಗ ರಕ್ತದೊತ್ತಡವನ್ನು ಬೇಕೆಂದೇ ಏರಿಸಿ ಮೆದುಳಿಗೆ ರಕ್ತ ನೂಕುತ್ತಾರೆ. ಉಬ್ಬು ಮುಚ್ಚಿರದಿದ್ದರೆ ಹೀಗೆ ಒತ್ತಡ ಏರಿಸುವುದು ಪ್ರಾಣಕ್ಕೆ ಎರವಾಗುತ್ತಿತ್ತು. ಬೇಗ ಮುಚ್ಚುವುದರಿಂದ ಆಗುವ ಎರಡನೆಯ ಲಾಭ ಇದು. ಇಷ್ಟಕ್ಕೂ ಬಗ್ಗದಿದ್ದರೆ ಕೊಳವೆಯ ಮೂಲಕ ನಾಳಕ್ಕೇ ಔಷಧ ಬಿಡುತ್ತಾರೆ, ಅಥವಾ ಬಲೂನಿನಿಂದ ಹಿಗ್ಗಿಸುತ್ತಾರೆ. ಕೆಲವರಲ್ಲಿ ದ್ರವ ತುಂಬಿಕೊಳ್ಳುವ ತೊಂದರೆ ಉಳಿದುಬಿಡುತ್ತದೆ. ಅಂಥವರಿಗೆ ಮೆದುಳಿನಿಂದ ಹೊಟ್ಟೆಗೆ ಚರ್ಮದಡಿಯಲ್ಲೇ ಒಂದು ಶಾಶ್ವತ ಕೊಳವೆ ಇಡುತ್ತಾರೆ.

ಇಷ್ಟೆಲ್ಲ ಆದರೂ ಫಲ ಎಲ್ಲರಿಗೂ ಒಂದೇ ಅಲ್ಲ. ಸ್ರಾವವಾದ ನೂರು ಮಂದಿಯಲ್ಲಿ 10ರಿಂದ 15 ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಳ್ಳುತ್ತಾರೆ. ಒಟ್ಟಾರೆ ಮೂವರಲ್ಲಿ ಒಬ್ಬರನ್ನು ಈ ಕಾಯಿಲೆ ಒಯ್ಯುತ್ತದೆ. ಉಳಿದವರಲ್ಲಿ ಕೆಲವರಿಗೆ ಅಂಗದ ಸೋಲು ಇರುತ್ತದೆ. ನೋಡಲು ಪೂರ್ತಿ ಗುಣವಾದವರಿಗೂ ಬೇಗ ದಣಿವು, ಮರೆವು, ಏಕಾಗ್ರತೆಯ ಕೊರತೆ, ಬೇಸರ ತಿಂಗಳುಗಟ್ಟಲೆ ಕಾಡಬಹುದು. ಮನೆಯವರು ಇದನ್ನು ಸೋಮಾರಿತನವೆಂದು ತಿಳಿಯಬಾರದು. ಫಿಸಿಯೋಥೆರಪಿ, ಮಾತಿನ ಅಭ್ಯಾಸ ಮತ್ತು ತಾಳ್ಮೆಯಿಂದ ಅನೇಕರು ಮರಳಿ ಕೆಲಸಕ್ಕೆ ಹೋಗುತ್ತಾರೆ.

ಕೊನೆಯದಾಗಿ, ಮನೆಯವರು ಮಾಡಬೇಕಾದದ್ದು. ಬೀಡಿ ಸಿಗರೇಟು ಬಿಡಬೇಕು. ಬಿ.ಪಿ. ಮಾತ್ರೆಯನ್ನು ನಡುವೆ ನಿಲ್ಲಿಸಬಾರದು. ಹೆತ್ತವರು, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರಿಗೆ ಈ ಕಾಯಿಲೆ ಆಗಿದ್ದರೆ, ಉಳಿದವರು ವೈದ್ಯರ ಸಲಹೆ ಪಡೆದು ನಾಳಗಳ ಚಿತ್ರ ತೆಗೆಸಬೇಕು. ಒಡೆಯದ ಉಬ್ಬು ಕಂಡರೆ ಹೆದರಬೇಕಿಲ್ಲ. ಗಾತ್ರ, ಜಾಗ, ವಯಸ್ಸು ನೋಡಿ, ಮುಚ್ಚಬೇಕೋ ಬರೀ ಗಮನದಲ್ಲಿಡಬೇಕೋ ಎಂದು ವೈದ್ಯರು ಹೇಳುತ್ತಾರೆ.

ಸಿಡಿಲೆರಗಿದಂಥ ತಲೆನೋವು ಯಾರಿಗಾದರೂ ಬಂದರೆ, ಆಸ್ಪಿರಿನ್ ಮಾತ್ರೆ ನುಂಗಿಸಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಒಬ್ಬರನ್ನೇ ಬೈಕಿನಲ್ಲಿ ಕಳಿಸಬೇಡಿ. 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ನೋವು ಎಷ್ಟು ಗಂಟೆಗೆ, ಹೇಗೆ ಶುರುವಾಯಿತು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ರಕ್ತ ಕಂಡರೆ, ಬೆಂಗಳೂರಿನ ನಿಮ್ಹಾನ್ಸ್‌ನಂತೆ ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಗೆ ಅಂದೇ ಕಳಿಸಿಕೊಡುವಂತೆ ಕೇಳಿ. ಮೊದಲ ಸ್ರಾವದಿಂದ ಪಾರಾದ ಜೀವವನ್ನು ಎರಡನೆಯದರಿಂದ ಕಾಪಾಡುವ ವಿದ್ಯೆ ಇಂದು ಇದೆ. ರೋಗಿಯನ್ನು ಹೊತ್ತು ಮೀರದೆ ಅಲ್ಲಿಗೆ ತಲುಪಿಸುವ ಹೊಣೆ ಹತ್ತಿರ ಇರುವವರದು.